ನಾಝಲ್ ತೊಳೆಸಬೇಕಾ ಮೇಸ್ತ್ರಿ? ಲಾರಿ ಇಂಜೆಕ್ಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ನಮ್ಮ ಪಂಪ್ ರೂಮ್. ಡೀಸೆಲ್ ಪಂಪು, ನಾಝಲ್ ಬಿಚ್ಚಿ, ಟೆಸ್ಟ್ ಮಾಡಿ, ಸರಿ ಮಾಡಿ ಕೊಡುವುದು ನಮ್ಮ ಕೆಲಸ. ಮೆಕ್ಕೆಜೋಳದ ಲೋಡ್ ಲಾರಿ, ಅಕ್ಕಿ ಗಿರಣಿ ಲಾರಿ, ಚಿತ್ರದುರ್ಗದ ಕಡೆಯ ಅದಿರು ಟಿಪ್ಪರ್ ಎಲ್ಲ ಬರುತ್ತವೆ. ಬಂದವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಬರೆದಿಟ್ಟಿದ್ದೇನೆ.

ಇಂಜೆಕ್ಟರ್, ನಾಝಲ್ ಎರಡೂ ಒಂದೇನಾ?

ಮಾತಿನಲ್ಲಿ ಒಂದೇ, ಕೆಲಸದಲ್ಲಿ ಬೇರೆ. ಇಂಜಿನ್ ಹೆಡ್‌ನಲ್ಲಿ ಕೂತು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಪೂರ್ತಿ ಸಾಮಾನು ಇಂಜೆಕ್ಟರ್. ಅದರ ತುದಿಯಲ್ಲಿ, ಸಣ್ಣ ತೂತುಗಳಿರುವ ಭಾಗ ನಾಝಲ್. ನಾಝಲ್ ಒಳಗೆ ಒಂದು ಸೂಜಿ ಆಡುತ್ತದೆ. ಹಳೆಯ ಡ್ರೈವರ್‌ಗಳು ಇಡೀ ಇಂಜೆಕ್ಟರನ್ನೇ ನಾಝಲ್ ಅನ್ನುತ್ತಾರೆ. ಇನ್ನೂ ಹಳಬರು 'ಮೈಕೋ' ಅನ್ನುತ್ತಾರೆ. 1951ರಲ್ಲಿ ಶುರುವಾದ, ಬೆಂಗಳೂರಿನ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಅಂತ ಬದಲಾಯಿತು. ಆದರೆ ನಮ್ಮ ಓಣಿಯಲ್ಲಿ ಮಾತ್ರ ಅದು ಇನ್ನೂ ಮೈಕೋನೇ.

ಇಷ್ಟು ಚಿಕ್ಕ ಸಾಮಾನಿಗೆ ಇಷ್ಟೊಂದು ತಲೆನೋವು ಯಾಕೆ?

ಹೊಲಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ ನೋಡಿದ್ದೀರಲ್ವಾ? ಅದರ ನಾಝಲ್ ಸರಿಯಿದ್ದರೆ ಔಷಧಿ ಮಂಜಿನ ಹಾಗೆ ಹರಡುತ್ತದೆ. ಒಂದು ಕಸ ಸಿಕ್ಕಿಹಾಕಿಕೊಂಡರೆ ಒಂದೇ ಕಡೆ ನೀರಿನ ದಾರದ ಹಾಗೆ ಚಿಮ್ಮುತ್ತದೆ. ಒಂದು ಗಿಡ ತೊಯ್ಯುತ್ತದೆ, ಪಕ್ಕದ ಗಿಡಕ್ಕೆ ಏನೂ ಇಲ್ಲ. ಸಿಲಿಂಡರ್ ಒಳಗೂ ಇದೇ ಕತೆ. ಮಂಜಾಗಿ ಬಿದ್ದ ಡೀಸೆಲ್ ಬಿಸಿ ಗಾಳಿಯಲ್ಲಿ ಪೂರ್ತಿ ಉರಿಯುತ್ತದೆ. ಹನಿಯಾಗಿ ಬಿದ್ದದ್ದು ಅರ್ಧಂಬರ್ಧ ಉರಿದು ಹೊಗೆಯಾಗಿ ಹೋಗುತ್ತದೆ. ಒಂದೇ ಕಡೆ ಚಿಮ್ಮಿದ್ದು ಪಿಸ್ಟನ್ ತಲೆಯನ್ನೇ ಸುಡುತ್ತದೆ.

ತೂತು ಎಷ್ಟು ಸಣ್ಣದು ಅಂದರೆ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಹತ್ತನೇ ಮೂರು ಭಾಗದವರೆಗೆ. ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು 2ರಿಂದ 4 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಈಗ ಕೆಲಸದ ಲೆಕ್ಕ ನೋಡಿ. ಇಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲಿ ಓಡುವಾಗ ಒಂದು ಇಂಜೆಕ್ಟರ್ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 750 ಸಲ ಡೀಸೆಲ್ ಹೊಡೆಯಬೇಕು. ದಾವಣಗೆರೆಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 260 ಕಿಲೋಮೀಟರ್. ಲೋಡ್ ಗಾಡಿ ಆರು ತಾಸು ತೆಗೆದುಕೊಂಡರೆ ಎರಡು ಲಕ್ಷ ಎಪ್ಪತ್ತು ಸಾವಿರ ಸಲ. ಒಂದೇ ಟ್ರಿಪ್ಪಿಗೆ! ಅದು ಕೆಡುತ್ತದೆ ಅನ್ನುವುದಕ್ಕಿಂತ ಇಷ್ಟು ದಿನ ಬಾಳುತ್ತದಲ್ಲ ಅನ್ನುವುದೇ ನನಗೆ ಆಶ್ಚರ್ಯ.

ನನ್ನ ಗಾಡಿ ಹಳೆಯ ತರದ್ದಾ, ಕಾಮನ್ ರೇಲಾ?

ಇಂಜಿನ್ ಪಕ್ಕ ಒಂದು ದೊಡ್ಡ ಪಂಪು, ಅದರ ತಲೆಯಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಪೈಪ್ ಹೋಗಿದ್ದರೆ ಹಳೆಯ ಪದ್ಧತಿ. ಎಲ್ಲ ಪೈಪೂ ಒಂದು ಉದ್ದನೆಯ ದಪ್ಪ ಕೊಳವೆಯಿಂದ ಹೊರಟಿದ್ದರೆ ಮತ್ತು ಇಂಜೆಕ್ಟರ್‌ಗೆ ವೈರ್ ಬಂದಿದ್ದರೆ ಕಾಮನ್ ರೇಲ್. ಹಳೆಯದರಲ್ಲಿ ಹೆಚ್ಚಿನ ನಾಝಲ್‌ಗಳು 200ರಿಂದ 250 ಬಾರ್ ಪ್ರೆಶರ್‌ಗೆ ತೆರೆದುಕೊಳ್ಳುತ್ತವೆ. ಕಾಮನ್ ರೇಲ್‌ನಲ್ಲಿ 1600 ಬಾರ್, ಕೆಲವು ಇಂಜಿನ್‌ಗಳಲ್ಲಿ 2000 ಬಾರ್ ದಾಟುತ್ತದೆ. ಏಪ್ರಿಲ್ 2020ರಿಂದ ಬಂದ ಬಿಎಸ್ 6 (ಹೊಸ ಹೊಗೆ ನಿಯಮದ) ಲಾರಿ ನಿಮ್ಮದಾದರೆ ಬಗ್ಗಿ ನೋಡುವುದೇ ಬೇಡ, ಅದು ಕಾಮನ್ ರೇಲ್ ಅಂದುಕೊಂಡೇ ಮುಂದೆ ಓದಿ.

ಈ ವ್ಯತ್ಯಾಸ ಮೊದಲು ತಿಳಿದುಕೊಳ್ಳಿ. ಹಳೆಯ ಗಾಡಿಯಲ್ಲಿ ಕಲಿತ ಕೈಚಳಕ ಕಾಮನ್ ರೇಲ್‌ನಲ್ಲಿ ತೋರಿಸಲು ಹೋದವರು ಗಾಯ ಮಾಡಿಕೊಂಡಿದ್ದಾರೆ.

ಕಪ್ಪು ಹೊಗೆ ಬರ್ತಿದೆ, ಪಿಕಪ್ ಇಲ್ಲ. ಇಂಜೆಕ್ಟರ್ ಹೋಯ್ತಾ?

ಹೋಗಿರಬಹುದು. ಆದರೆ ನಾನು ಮೊದಲು ನೋಡುವುದು ಏರ್ ಫಿಲ್ಟರ್. ಕಪ್ಪು ಹೊಗೆ ಅಂದರೆ ಗಾಳಿಗಿಂತ ಡೀಸೆಲ್ ಜಾಸ್ತಿಯಾಗಿದೆ ಅಂತ ಅರ್ಥ. ಅದಕ್ಕೆ ಗಾಳಿ ಕಡಿಮೆಯಾದದ್ದೂ ಕಾರಣ ಇರಬಹುದಲ್ವಾ? ಮೆಕ್ಕೆಜೋಳದ ಸೀಸನ್‌ನಲ್ಲಿ ಯಾರ್ಡಿನ ಧೂಳಲ್ಲಿ ನಿಂತ ಲಾರಿ, ಅದಿರು ರಸ್ತೆಯ ಟಿಪ್ಪರ್, ಇವುಗಳ ಏರ್ ಫಿಲ್ಟರ್ ತೆಗೆದು ನೆಲಕ್ಕೆ ತಟ್ಟಿದರೆ ಒಂದು ಬೊಗಸೆ ಮಣ್ಣು ಉದುರುತ್ತದೆ. ಆಮೇಲೆ ಟರ್ಬೋ ಹೋಸ್ ಎಲ್ಲಾದರೂ ಸೀಳಿದೆಯಾ ನೋಡಿ. ಆಮೇಲೆ ಡೀಸೆಲ್ ಫಿಲ್ಟರ್. ಆಮೇಲೆ ಟ್ಯಾಪೆಟ್ ಸಂದು, ಅಂದರೆ ವಾಲ್ವ್ ಮೇಲಿನ ಸಂದು. ಇವೆಲ್ಲ ಸರಿ ಇದ್ದರೆ ಇಂಜೆಕ್ಟರ್ ಹತ್ತಿರ ಹೋಗೋಣ.

ಇಂಜೆಕ್ಟರಿನದೇ ತೊಂದರೆ ಆದಾಗ ಒಂದೇ ಲಕ್ಷಣ ಇರುವುದಿಲ್ಲ, ನಾಲ್ಕೈದು ಕೂಡಿ ಬರುತ್ತವೆ. ನಿಂತಲ್ಲಿ ಇಂಜಿನ್ ನಡುಗುತ್ತದೆ, ಒಂದು ಸಿಲಿಂಡರ್ ಮಿಸ್ ಹೊಡೆಯುತ್ತದೆ. ಬೆಳಗ್ಗೆ ಜಾಸ್ತಿ ಸೆಲ್ಫ್ ಹೊಡೆಯಬೇಕಾಗುತ್ತದೆ, ಬಿಳಿ ಹೊಗೆ ಬಂದು ಕಣ್ಣು ಉರಿಯುತ್ತದೆ. ಸುತ್ತಿಗೆಯಲ್ಲಿ ಬಡಿದ ಹಾಗೆ ನಾಕಿಂಗ್ ಸದ್ದು. ಚಿತ್ರದುರ್ಗ ಹತ್ತಿರ ಬರುವ ಏರಿನಲ್ಲಿ ಮೊದಲು ಐದನೇ ಗೇರಲ್ಲಿ ಹೋಗುತ್ತಿದ್ದ ಗಾಡಿ ಈಗ ನಾಲ್ಕು ಕೇಳುತ್ತದೆ. ಆವರೇಜ್ ಇಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಇಂಜಿನ್ ಆಯಿಲ್ ಮಟ್ಟ ಏರುವುದು. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಜಾಸ್ತಿಯಾಗಿದೆ, ತೆಳ್ಳಗಿದೆ, ಡೀಸೆಲ್ ವಾಸನೆ ಬರುತ್ತಿದೆ ಅಂದರೆ ಡೀಸೆಲ್ ಎಲ್ಲಿಂದಲೋ ಕೆಳಗಿಳಿದು ಆಯಿಲ್‌ಗೆ ಸೇರುತ್ತಿದೆ. ಅಲ್ಲಿಗೆ ಗಾಡಿ ನಿಲ್ಲಿಸಿ. 'ಈ ಟ್ರಿಪ್ ಮುಗಿಸಿ ಬರ್ತೀನಿ' ಅನ್ನಬೇಡಿ. ಬೇರಿಂಗ್ ಹೋದರೆ ಹತ್ತು ಟ್ರಿಪ್ಪಿನ ಬಾಡಿಗೆ ಹೋಗುತ್ತದೆ.

ಡಿಸೆಂಬರ್ ಚಳಿಯಲ್ಲಿ ಸ್ಟಾರ್ಟ್ ಆದ ತಕ್ಷಣ ಒಂದು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಆರು ಸಿಲಿಂಡರಿನ ಆರು ಇಂಜೆಕ್ಟರ್‌ಗಳಲ್ಲಿ ಯಾವುದು ಕೆಟ್ಟಿದೆ ಅಂತ ಹೇಗೆ ಹಿಡಿಯುತ್ತೀರಿ?

ಹಳೆಯ ಪಂಪಿನ ಗಾಡಿಯಲ್ಲಿ ಸುಲಭ. ಇಂಜಿನ್ ಸ್ಲೋದಲ್ಲಿ ಓಡುವಾಗ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸ್ವಲ್ಪ ಸಡಿಲ ಮಾಡುತ್ತೇವೆ. ಒಳ್ಳೆಯ ಸಿಲಿಂಡರಿನ ನಟ್ ಸಡಿಲಿಸಿದರೆ ಇಂಜಿನ್ ಸದ್ದು ತಕ್ಷಣ ಕುಸಿಯುತ್ತದೆ. ಸದ್ದು ಬದಲಾಗದೇ ಹೋದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ ಅಂತ ಅರ್ಥ. ಆಗಲೂ ಇಂಜೆಕ್ಟರೇ ಕಳ್ಳ ಅಂತ ಹೇಳಲು ಬರುವುದಿಲ್ಲ. ಕಂಪ್ರೆಶನ್, ಅಂದರೆ ಸಿಲಿಂಡರ್ ಗಾಳಿಯನ್ನು ಒತ್ತುವ ಬಲ, ಹೋಗಿದ್ದರೂ ಹೀಗೇ ಆಗುತ್ತದೆ. ಅದಕ್ಕೇ ಆ ಇಂಜೆಕ್ಟರ್ ತೆಗೆದು ಪಕ್ಕದ ಸಿಲಿಂಡರಿಗೆ ಹಾಕಿ ನೋಡುತ್ತೇವೆ. ತೊಂದರೆ ಅದರ ಜೊತೆಗೇ ಹೋದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಕಾಮನ್ ರೇಲ್ ಗಾಡಿಯಲ್ಲಿ ಇಂಜಿನ್ ಓಡುವಾಗ ನಟ್ ಮುಟ್ಟಲೇಬಾರದು. ಅಲ್ಲಿ ಸ್ಕ್ಯಾನರ್ ಹಾಕಿ ಒಂದೊಂದೇ ಇಂಜೆಕ್ಟರ್ ಬಂದ್ ಮಾಡಿ ನೋಡಬೇಕು. ಇನ್ನೊಂದು ಉಪಾಯ ರಿಟರ್ನ್, ಅಂದರೆ ಇಂಜೆಕ್ಟರಿನಿಂದ ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲ್ ನೋಡುವುದು. ಒಂದೊಂದು ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ ಇಂಜಿನ್ ಓಡಿಸಿದರೆ, ಸವೆದ ಇಂಜೆಕ್ಟರಿನ ಬಾಟಲಿ ಬೇಗ ತುಂಬುತ್ತದೆ. ಕೆಲವು ಇಂಜಿನ್‌ಗಳಲ್ಲಿ ರಿಟರ್ನ್ ಹೆಡ್ ಒಳಗಿಂದಲೇ ಹೋಗುವುದರಿಂದ ಅಲ್ಲಿ ಈ ಬಾಟಲಿ ಆಟ ನಡೆಯುವುದಿಲ್ಲ.

ತೊಳೆದರೆ ಎಲ್ಲ ಸರಿ ಹೋಗುತ್ತಾ?

ಇದಕ್ಕೆ ನೇರ ಉತ್ತರ: ಕೊಳೆ ಬೇರೆ, ಸವೆತ ಬೇರೆ. ತೂತಿನ ಬಾಯಿಗೆ ಕಾರ್ಬನ್ ಹತ್ತಿದ್ದರೆ, ಒಳಗೆ ಅಂಟು ಕಟ್ಟಿ ಸೂಜಿ ಹಿಡಿದುಕೊಂಡಿದ್ದರೆ ತೊಳೆದಾಗ ಹೋಗುತ್ತದೆ. ಸೂಜಿಯ ತುದಿ ಸವೆದಿದ್ದರೆ, ತೂತು ದೊಡ್ಡದಾಗಿದ್ದರೆ, ನೀರು ಬಿದ್ದು ತುಕ್ಕು ತಿಂದಿದ್ದರೆ ಗಂಗೆಯಲ್ಲಿ ಅದ್ದಿ ತೆಗೆದರೂ ಸರಿಯಾಗುವುದಿಲ್ಲ. ಚಪ್ಪಲಿ ತೊಳೆದರೆ ಸೋಲ್ ಬೆಳೆಯುತ್ತದಾ? ನಮ್ಮ ಕಸುಬಿನಲ್ಲಿ ಜಗಳ ಆಗುವುದೆಲ್ಲ ಇಲ್ಲೇ. ಗಿರಾಕಿ ಕ್ಲೀನಿಂಗ್ ಅಂತ ಬರುತ್ತಾನೆ, ಟೆಸ್ಟರ್ ಮೇಲೆ ಹಾಕಿದರೆ ಸವೆದಿರುತ್ತದೆ, ಹೊಸದು ಹಾಕಿ ಅಂದರೆ ಅನುಮಾನ ಪಡುತ್ತಾನೆ. ಅದಕ್ಕೆ ನಾನು ಟೆಸ್ಟ್ ಮಾಡುವಾಗ ಗಿರಾಕಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ.

ಈ ಕೊಳೆ ಬರುವುದಾದರೂ ಎಲ್ಲಿಂದ?

ಅರ್ಧ ಟ್ಯಾಂಕಿನಿಂದ, ಅರ್ಧ ಓಡಿಸುವ ರೀತಿಯಿಂದ.

ಲೋಡಿಂಗ್‌ಗೆ ಕ್ಯೂನಲ್ಲಿ ನಿಂತಾಗ ಎರಡು ಮೂರು ತಾಸು ಇಂಜಿನ್ ಸುಮ್ನೆ ಓಡುತ್ತಿರುತ್ತದೆ. ಆಗ ಸಿಲಿಂಡರ್ ಸಾಕಷ್ಟು ಬಿಸಿ ಇರುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ನಾಝಲ್ ತುದಿಗೆ ಕಾರ್ಬನ್ ಹತ್ತುತ್ತದೆ. ರಿಂಗ್ ಸವೆದು ಆಯಿಲ್ ಉರಿಯುವ ಇಂಜಿನ್‌ನಲ್ಲೂ ಹೀಗೇ. ಹೈವೇಯಲ್ಲಿ ಲೋಡ್ ಹೊತ್ತು ಓಡುವ ಗಾಡಿಯ ನಾಝಲ್‌ಗಿಂತ ಊರೊಳಗೆ ತೆವಳುವ ಗಾಡಿಯ ನಾಝಲ್ ಕಪ್ಪಾಗಿರುತ್ತದೆ.

ಟ್ಯಾಂಕಿನ ಕತೆ ದೊಡ್ಡದು. ಟ್ಯಾಂಕ್ ಖಾಲಿ ಇದ್ದಷ್ಟೂ ಒಳಗಿನ ಗಾಳಿಯ ತೇವ ರಾತ್ರಿ ತಂಪಿಗೆ ಹನಿಯಾಗಿ ತಳಕ್ಕೆ ಇಳಿಯುತ್ತದೆ. ಮುಚ್ಚಳದ ರಬ್ಬರ್ ಹೋಗಿದ್ದರೆ ಮಳೆ ನೀರು ನೇರ ಒಳಗೆ. ನೀರು ಮತ್ತು ಡೀಸೆಲ್ ಕೂಡುವ ಜಾಗದಲ್ಲಿ ಲೋಳೆ ಬೆಳೆಯುತ್ತದೆ. ನೀರು ನಾಝಲ್ ತನಕ ಬಂದರೆ ತುಕ್ಕು, ತುಕ್ಕು ಬಂದರೆ ಸೂಜಿ ಜಾಮ್.

ನನ್ನ ಅಣ್ಣನ ಲಾರಿಗೇ ಆದದ್ದು ಹೇಳುತ್ತೇನೆ. ಮಳೆಗಾಲದಲ್ಲಿ ಹೈವೇ ಪಕ್ಕದ ಒಂದು ಬಂಕ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿದ್ದ. ಹಿರಿಯೂರು ದಾಟುವಷ್ಟರಲ್ಲಿ ಗಾಡಿ ಕೆಮ್ಮತೊಡಗಿತು. ದಾರಿಯಲ್ಲಿ ಯಾವುದೋ ಗ್ಯಾರೇಜಿನವರು ಎರಡು ಇಂಜೆಕ್ಟರ್ ಬದಲಾಯಿಸಿ ಕಳಿಸಿದರು. ಮೂರನೇ ದಿನ ಮತ್ತೆ ಅದೇ ಕೆಮ್ಮು. ಇಲ್ಲಿಗೆ ತಂದಾಗ ನಾನು ಇಂಜೆಕ್ಟರ್ ಮುಟ್ಟಲೇ ಇಲ್ಲ, ಟ್ಯಾಂಕಿನ ಕೆಳಗಿನ ಡ್ರೈನ್ ನಟ್ ಬಿಚ್ಚಿದೆ. ಬಕೆಟ್ಟಿಗೆ ಮೊದಲು ಬಿದ್ದದ್ದು ಡೀಸೆಲ್ ಅಲ್ಲ, ನೀರು. ಮಜ್ಜಿಗೆ ಬಣ್ಣದ ನೀರು. ಹೊಸದಾಗಿ ಹಾಕಿದ್ದ ಎರಡೂ ಇಂಜೆಕ್ಟರ್‌ಗಳ ಸೂಜಿ ಅಷ್ಟರಲ್ಲಿ ಕಂದಾಗಿತ್ತು. ಅಣ್ಣ ಅವತ್ತು ಬೈದದ್ದು ಬಂಕಿನವರಿಗೋ, ಗ್ಯಾರೇಜಿನವರಿಗೋ, ನನಗೋ ಈಗಲೂ ಗೊತ್ತಿಲ್ಲ.

ಬಂಕಿನ ಡೀಸೆಲ್ ಸರಿ ಇದೆಯಾ ಅಂತ ನೋಡುವುದು ಹೇಗೆ?

ಡೆನ್ಸಿಟಿ (ಸಾಂದ್ರತೆ) ಕೇಳಿ. ಪ್ರತಿ ಬಂಕ್‌ನಲ್ಲೂ ಅವತ್ತಿನ ಡೆನ್ಸಿಟಿ ಬರೆದಿಟ್ಟಿರಬೇಕು, ಗಿರಾಕಿ ಕೇಳಿದರೆ ಅಳೆದು ತೋರಿಸಬೇಕು. ದಾಖಲೆಗೂ ಅಳತೆಗೂ ಘನ ಮೀಟರಿಗೆ 3 ಕಿಲೋಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅನುಮಾನ ಪಡಬೇಕಾದದ್ದೇ. ಟ್ಯಾಂಕರ್ ಬಂದು ಇಳಿಸುತ್ತಿರುವ ಹೊತ್ತಿಗೆ ತುಂಬಿಸಬೇಡಿ, ತಳದ ಗಷ್ಟು ಮೇಲೆದ್ದಿರುತ್ತದೆ. ಬಿಲ್ ತಪ್ಪದೇ ಇಟ್ಟುಕೊಳ್ಳಿ, ಅಣ್ಣನ ಹತ್ತಿರ ಇರಲಿಲ್ಲ. ಬಯೋಡೀಸೆಲ್ ಅಂತ ಡ್ರಮ್ಮಿನಲ್ಲಿ ಅಗ್ಗಕ್ಕೆ ಮಾರುವ ಎಣ್ಣೆಯ ಕಡೆ ತಿರುಗಿಯೂ ನೋಡಬೇಡಿ.

ಟ್ಯಾಂಕಿಗೆ ಹಾಕುವ ಬಾಟಲಿ ಕ್ಲೀನರ್ ಕೆಲಸ ಮಾಡುತ್ತದಾ?

(ಲಾರಿಯಲ್ಲಿ ಕ್ಲೀನರ್ ಅಂದರೆ ಎರಡು ಅರ್ಥ. ಒಬ್ಬರು ಫೋನ್ ಮಾಡಿ 'ಕ್ಲೀನರ್ ಹಾಕಿದ ಮೇಲೆ ಗಾಡಿ ಜಾಸ್ತಿ ಹಾಳಾಯ್ತು' ಅಂದಾಗ ನಾನು ಹುಡುಗನ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.)

ಒಳ್ಳೆಯ ಕಂಪನಿಯದಾದರೆ ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಅದರಲ್ಲಿರುವುದು ಸೋಪಿನ ತರಹದ ರಾಸಾಯನಿಕ. ಹೊಸದಾಗಿ ಕೂರುತ್ತಿರುವ ಕೊಳೆಯನ್ನು ಮೆಲ್ಲಗೆ ಬಿಡಿಸುತ್ತದೆ. ವರ್ಷಗಟ್ಟಲೆ ಕಲ್ಲಾದ ಕಾರ್ಬನ್‌ಗೆ ಅದು ಏನೂ ಮಾಡುವುದಿಲ್ಲ. ಹಾಕುವುದಾದರೆ ಬಾಟಲಿ ಮೇಲೆ ಬರೆದ ಅಳತೆಯಷ್ಟೇ ಹಾಕಿ. ಬಿಎಸ್ 6 ಗಾಡಿಗೆ ಅದು ಸರಿ ಹೋಗುತ್ತದೆ ಅಂತ ಬಾಟಲಿ ಮೇಲೆ ಇರಬೇಕು. ಇನ್ನೊಂದು ವಿಷಯ: ಹಳೆಯ ಗಲೀಜು ಟ್ಯಾಂಕಿಗೆ ಹಾಕಿದರೆ ಟ್ಯಾಂಕಿನ ಕೊಳೆಯೂ ಕಿತ್ತುಕೊಂಡು ಬಂದು ಫಿಲ್ಟರ್ ಕಟ್ಟುತ್ತದೆ. ಆದ್ದರಿಂದ ಮೊದಲು ಟ್ಯಾಂಕ್ ತೊಳೆಸಿ, ಜೊತೆಗೊಂದು ಹೊಸ ಫಿಲ್ಟರ್ ಇಟ್ಟುಕೊಂಡಿರಿ.

ಸೀಮೆಎಣ್ಣೆ ಬೆರೆಸಿದರೆ ನಾಝಲ್ ಕ್ಲೀನ್ ಆಗುತ್ತೆ ಅಂತಾರಲ್ಲ?

ನಮ್ಮಪ್ಪನ ಕಾಲದವರ ಮಾತು. ಬೇಡ. ಪಂಪಿಗೂ ಇಂಜೆಕ್ಟರಿಗೂ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅವಕ್ಕೆ ಜಿಡ್ಡು. ಸೀಮೆಎಣ್ಣೆಗೆ ಆ ಜಿಡ್ಡು ಕಡಿಮೆ. ನಾಝಲ್ ಹೊಳೆಯುತ್ತದೆ, ಒಳಗೆ ಪಂಪು ಸವೆಯುತ್ತದೆ. ಈಗಿನ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಗಂಧಕ ತೆಗೆಯುವಾಗ ಸಹಜವಾದ ಜಿಡ್ಡೂ ಹೋಗುವುದರಿಂದ ಕಂಪನಿಯವರೇ ಜಿಡ್ಡಿನ ಅಂಶ ಸೇರಿಸಿ ಕಳಿಸುತ್ತಾರೆ. ಅದಕ್ಕೆ ನೀವು ಸೀಮೆಎಣ್ಣೆ ಸುರಿದರೆ ಆ ಲೆಕ್ಕ ತಪ್ಪುತ್ತದೆ. 2ಟಿ ಆಯಿಲ್, ಹಳೆಯ ಇಂಜಿನ್ ಆಯಿಲ್ ಬೆರೆಸುವುದೂ ಬೇಡ. ಬಿಎಸ್ 6 ಗಾಡಿಯ ಸೈಲೆನ್ಸರ್‌ನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ, ಆಯಿಲ್ ಉರಿದ ಬೂದಿ ಅದರಲ್ಲಿ ಕೂತು ಕಟ್ಟಿಕೊಳ್ಳುತ್ತದೆ.

ಬಿಚ್ಚದೇ ಮೆಷಿನ್ ಹಾಕಿ ತೊಳೆಯುವವರು ಇದ್ದಾರಲ್ಲ?

ಟ್ಯಾಂಕಿನ ಲೈನ್ ಬಿಡಿಸಿ, ಕ್ಲೀನಿಂಗ್ ದ್ರಾವಣದ ಡಬ್ಬಿಯಿಂದಲೇ ಸ್ವಲ್ಪ ಹೊತ್ತು ಇಂಜಿನ್ ಓಡಿಸುತ್ತಾರೆ. ಟ್ಯಾಂಕ್ ಬಾಟಲಿಗಿಂತ ಇದು ಗಟ್ಟಿ ಮದ್ದು. ಕೊಳೆ ಮಧ್ಯಮ ಇದ್ದರೆ ಫಲ ಸಿಗುತ್ತದೆ. ಆದರೆ ಸ್ಪ್ರೇ ಹೇಗೆ ಬೀಳುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ನನಗೆ ಕಾಣದ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ. ಅದು ನನ್ನ ಜಾಯಮಾನ ಅಷ್ಟೇ, ಮಾಡುವವರನ್ನು ತಪ್ಪು ಅನ್ನುವುದಿಲ್ಲ.

ಪಂಪ್ ರೂಮಿಗೆ ತಂದರೆ ಏನೇನು ಮಾಡುತ್ತೀರಿ?

ಹಳೆಯ ತರದ ಇಂಜೆಕ್ಟರ್ ಅಂದುಕೊಳ್ಳಿ. ಬಿಚ್ಚುವ ಮೊದಲೇ ಒಂದು ಸಲ ಟೆಸ್ಟರ್ ಮೇಲೆ ಹಾಕುತ್ತೇವೆ. ಟೆಸ್ಟರ್ ಅಂದರೆ ಕೈಯಲ್ಲಿ ಹೊಡೆಯುವ ಪಂಪು, ಅದಕ್ಕೊಂದು ಮೀಟರ್. ಕೈ ಒತ್ತುತ್ತಾ ಹೋದರೆ ಮುಳ್ಳು ಏರುತ್ತದೆ, ಒಂದು ಹಂತದಲ್ಲಿ ನಾಝಲ್ ಬಾಯಿ ಬಿಡುತ್ತದೆ. ಯಾವ ಪ್ರೆಶರ್‌ಗೆ ಬಿಟ್ಟಿತು ಅಂತ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತೇವೆ. ಸ್ಪ್ರಿಂಗ್ ಸೋತಿದ್ದರೆ ಬೇಗ ಬಿಡುತ್ತದೆ.

ಆಮೇಲೆ ಸ್ಪ್ರೇ ನೋಡುತ್ತೇವೆ. ನಾಲ್ಕು ತೂತಿದ್ದರೆ ನಾಲ್ಕು ಕಡೆಗೂ ಒಂದೇ ಸಮ ಮಂಜು ಹಾರಬೇಕು. ಆಮೇಲೆ ಕಿವಿ. ಒಳ್ಳೆಯ ನಾಝಲ್ ಹೊಡೆಯುವಾಗ ಗರ್ ಗರ್ ಅಂತ ಸದ್ದು ಮಾಡುತ್ತದೆ. ಸೂಜಿ ಚುರುಕಾಗಿ ಏರಿಳಿಯುವ ಸದ್ದು ಅದು. ಕೊನೆಗೆ ಸೋರಿಕೆ. ತೆರೆಯುವ ಪ್ರೆಶರ್‌ಗಿಂತ 20 ಬಾರ್ ಕಡಿಮೆಗೆ ಹಿಡಿದು ಹತ್ತು ಸೆಕೆಂಡ್ ನಿಲ್ಲಿಸಿದರೆ ತುದಿಯಿಂದ ಹನಿ ಬೀಳಬಾರದು. ತುದಿ ಸ್ವಲ್ಪ ಒದ್ದೆಯಾದರೆ ಪರವಾಗಿಲ್ಲ. ಹನಿ ಬಿದ್ದರೆ ಅದು ಫೇಲ್.

ನಂತರ ಬಿಚ್ಚಿ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಹಾಕುತ್ತೇವೆ. ಕಣ್ಣಿಗೆ ಕಾಣದ ಕಂಪನದಿಂದ ದ್ರಾವಣದಲ್ಲಿ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಬ್ರಶ್ ಹೋಗದ ಕಡೆಯ ಕೊಳೆಯೂ ಬಿಡುತ್ತದೆ. ತುದಿಯ ಹೊರಗಿನ ಕಾರ್ಬನ್‌ಗೆ ಹಿತ್ತಾಳೆ ಬ್ರಶ್. ಸ್ಟೀಲ್ ಬ್ರಶ್, ಎಮರಿ ಪೇಪರ್ ಹತ್ತಿರ ಸುಳಿಯಬಾರದು. ಸ್ಪ್ರೇಯರ್ ನಾಝಲ್‌ಗೆ ಪಿನ್ನು ಚುಚ್ಚಿ ಅಭ್ಯಾಸ ಆದವರು ಇಲ್ಲಿಯೂ ಪಿನ್ನು ಹುಡುಕುತ್ತಾರೆ. ದಯವಿಟ್ಟು ಬೇಡ, ತೂತಿನ ಅಂಚು ಹೋದರೆ ಸ್ಪ್ರೇ ಹೋಯಿತು.

ತೊಳೆದ ಸೂಜಿಯನ್ನು ಸ್ವಚ್ಛ ಡೀಸೆಲ್‌ನಲ್ಲಿ ಅದ್ದಿ, ಗೂಡಿನಿಂದ ಮೂರನೇ ಒಂದು ಭಾಗ ಮೇಲೆತ್ತಿ ಬಿಡುತ್ತೇವೆ. ತನ್ನ ತೂಕಕ್ಕೆ ತಾನೇ ಮೆಲ್ಲಗೆ ಜಾರಿ ಕೂರಬೇಕು. ತಡೆದರೆ ಇನ್ನೂ ಕೊಳೆ ಇದೆ ಅಥವಾ ಸೂಜಿ ಹಾಳಾಗಿದೆ.

ಒಂದು ನಾಝಲಿನ ಸೂಜಿ ಇನ್ನೊಂದಕ್ಕೆ ಹೋಗಬಾರದು. ಕಾರ್ಖಾನೆಯಲ್ಲೇ ಜೋಡಿ ಮಾಡಿ ಉಜ್ಜಿ ಕೂರಿಸಿರುತ್ತಾರೆ. ನಾನು ಕೆಲಸ ಕಲಿಯುವಾಗ ಆರು ನಾಝಲ್ ಬಿಚ್ಚಿ ಎಲ್ಲ ಸೂಜಿಗಳನ್ನೂ ಒಂದೇ ತಟ್ಟೆಗೆ ಸುರಿದಿದ್ದೆ. ನಮ್ಮ ಮೇಸ್ತ್ರಿ ಬಂದು ನೋಡಿ ಬೈಯಲಿಲ್ಲ. 'ಆರು ಸಂಸಾರ ಮುರಿದೆಯಲ್ಲೋ' ಅಂದರು. ಅವತ್ತಿನಿಂದ ನಮ್ಮಲ್ಲಿ ಆರು ಬೇರೆ ಬೇರೆ ಬಟ್ಟಲು.

ಕೊನೆಗೆ ಕೂಡಿಸಿ, ಶಿಮ್ (ತೆಳು ಬಿಲ್ಲೆ) ಹಾಕಿ ಅಥವಾ ಸ್ಕ್ರೂ ತಿರುಗಿಸಿ ಪ್ರೆಶರ್ ಸೆಟ್ ಮಾಡಿ, ಮತ್ತೆ ಟೆಸ್ಟ್. ಆರೂ ಒಂದೇ ಪ್ರೆಶರ್‌ಗೆ ಬಾಯಿ ಬಿಡಬೇಕು.

ನಾವೇ ಬಿಚ್ಚಿ ತರಬಹುದಾ?

ಹಳೆಯ ಗಾಡಿಯಾದರೆ, ಕೈ ಪಳಗಿದ್ದರೆ ಬಿಚ್ಚಬಹುದು. ಬಿಚ್ಚುವ ಮೊದಲು ಇಂಜೆಕ್ಟರ್ ಸುತ್ತ ತೊಳೆದು ಗಾಳಿ ಹೊಡೆಯಿರಿ. ಇಲ್ಲದಿದ್ದರೆ ಎಳೆದ ತಕ್ಷಣ ಸುತ್ತಲಿನ ಮಣ್ಣು ಸಿಲಿಂಡರ್ ಒಳಗೆ ಬೀಳುತ್ತದೆ. ಬಿಚ್ಚಿದ ಪೈಪಿನ ಬಾಯಿಗೆ ಸ್ವಚ್ಛ ಮುಚ್ಚಳ ಹಾಕಿ. ಹತ್ತಿ ಬಟ್ಟೆ ತುರುಕಬೇಡಿ, ನೂಲು ಒಳಗೆ ಹೋಗುತ್ತದೆ. ಯಾವ ಇಂಜೆಕ್ಟರ್ ಯಾವ ಸಿಲಿಂಡರಿನದು ಅಂತ ಗುರುತು ಹಾಕಿ.

ಅಡಿಯಲ್ಲಿ ತಾಮ್ರದ ವಾಶರ್ ಇರುತ್ತದೆ. ಕೆಲವು ಸಲ ಅದು ಗೂಡಿನಲ್ಲೇ ಉಳಿದಿರುತ್ತದೆ, ಟಾರ್ಚ್ ಹಾಕಿ ನೋಡಿ. ಅದರ ಮೇಲೆ ಇನ್ನೊಂದು ವಾಶರ್ ಹಾಕಿ ಕೂರಿಸಿದರೆ ಇಂಜೆಕ್ಟರ್ ಮೇಲೆ ನಿಂತು ಸ್ಪ್ರೇ ತಪ್ಪು ಜಾಗಕ್ಕೆ ಬೀಳುತ್ತದೆ. ಪ್ರತಿ ಸಲವೂ ಹೊಸ ವಾಶರ್, ಮೊದಲಿದ್ದಷ್ಟೇ ದಪ್ಪದ್ದು. ಹಳೆಯದನ್ನು ಕಾಯಿಸಿ ಹಾಕುವುದು ಸಣ್ಣ ಉಳಿತಾಯ, ದೊಡ್ಡ ಖರ್ಚು. ಅಲ್ಲಿ ಗ್ಯಾಸ್ ಸೋರಿದರೆ ಚುಸ್ ಚುಸ್ ಸದ್ದು ಬರುತ್ತದೆ, ಇಂಜೆಕ್ಟರ್ ಸುತ್ತ ಕಪ್ಪು ಟಾರ್ ಕಟ್ಟುತ್ತದೆ.

ಟೈಟ್ ಮಾಡುವಾಗ ಟಾರ್ಕ್ ರೆಂಚ್ ಬಳಸಿ, ಅಳತೆ ಗಾಡಿಯ ಪುಸ್ತಕದಲ್ಲಿರುತ್ತದೆ. ಪಾನಾಕ್ಕೆ ಪೈಪ್ ಸಿಕ್ಕಿಸಿ ಜೋತುಬೀಳುವವರನ್ನು ನೋಡಿದ್ದೇನೆ. ನಾಝಲ್ ಗೂಡು ಸ್ವಲ್ಪ ಸೊಟ್ಟಗಾದರೂ ಸೂಜಿ ಹಿಡಿದುಕೊಳ್ಳುತ್ತದೆ. ಆಮೇಲೆ ಹ್ಯಾಂಡ್ ಪ್ರೈಮರ್ (ಡೀಸೆಲ್ ಲೈನಿನ ಕೈ ಪಂಪು) ಹೊಡೆದು ಏರ್ ತೆಗೆಯಿರಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ.

ಇಂಜೆಕ್ಟರ್ ಹಿಡಿದುಕೊಂಡಿದೆ, ಬರ್ತಿಲ್ಲ.

ಸುತ್ತಿಗೆ ಕೆಳಗಿಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಬೆಳಗ್ಗೆ ಪುಲ್ಲರ್ ಹಾಕಿ ನೆಟ್ಟಗೆ ಎಳೆಯಿರಿ. ಕೆಲವು ಹೆಡ್‌ಗಳಲ್ಲಿ ಇಂಜೆಕ್ಟರ್ ಸುತ್ತ ಒಂದು ಸ್ಲೀವ್, ಅದರಾಚೆ ರೇಡಿಯೇಟರ್ ನೀರು ಇರುತ್ತದೆ. ಇಂಜೆಕ್ಟರ್ ಜೊತೆ ಸ್ಲೀವೂ ಕಿತ್ತು ಬಂದರೆ ನೀರು ಸಿಲಿಂಡರಿಗೆ ಇಳಿಯುತ್ತದೆ. ಗೊತ್ತಾಗದೇ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕಾಮನ್ ರೇಲ್ ಇಂಜೆಕ್ಟರ್ ತೊಳೆಯಬಹುದಾ?

ತೊಳೆಯಬಹುದು, ಆದರೆ ಬಯಲಲ್ಲಿ ಅಲ್ಲ. ಅದಕ್ಕೆ ಕಂಪ್ಯೂಟರ್ ಟೆಸ್ಟ್ ಬೆಂಚ್ ಬೇಕು, ಧೂಳಿಲ್ಲದ ಕೋಣೆ ಬೇಕು. ಐಡ್ಲಿಂಗ್, ಅರ್ಧ ಲೋಡ್, ಪೂರ್ತಿ ಲೋಡ್ ಒಂದೊಂದಕ್ಕೂ ಎಷ್ಟು ಡೀಸೆಲ್ ಹೊಡೆಯಿತು, ಎಷ್ಟು ರಿಟರ್ನ್ ಹೋಯಿತು ಅಂತ ಅಳೆಯಬೇಕು. ಕೈ ಟೆಸ್ಟರ್ ಮೇಲೆ ಇದು ತಿಳಿಯುವುದಿಲ್ಲ. ಬೆಂಚ್ ಇಲ್ಲದೇ 'ತೊಳೆದಿದ್ದೇನೆ' ಅಂದವರನ್ನು ನಂಬಬೇಡಿ. ಬಿಚ್ಚುವವರೂ ಇಂಜಿನ್ ಆಫ್ ಮಾಡಿ, ರೇಲ್ ಪ್ರೆಶರ್ ಇಳಿಯಲು ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಬಿಚ್ಚಿದ ಹೈ ಪ್ರೆಶರ್ ಪೈಪನ್ನು ಮತ್ತೆ ಹಾಕಬಾರದು ಅಂತ ಕೆಲವು ಕಂಪನಿಗಳು ಹೇಳುತ್ತವೆ, ಅದನ್ನೂ ವಿಚಾರಿಸಿ.

ಹೊಸ ಇಂಜೆಕ್ಟರ್ ಹಾಕಿದ ಮೇಲೆ ಕೋಡ್ ಹಾಕಬೇಕು ಅಂತ ಯಾಕೆ ಹೇಳುತ್ತಾರೆ?

ಎರಡು ಇಂಜೆಕ್ಟರ್ ನೂರಕ್ಕೆ ನೂರು ಒಂದೇ ತರ ಇರುವುದಿಲ್ಲ. ಒಂದು ಚೂರು ಜಾಸ್ತಿ ಹೊಡೆಯುತ್ತದೆ, ಇನ್ನೊಂದು ಚೂರು ಕಡಿಮೆ. ಕಾರ್ಖಾನೆಯಲ್ಲೇ ಅಳೆದು ಆ ವ್ಯತ್ಯಾಸವನ್ನು ಕೋಡ್ ಮಾಡಿ ತಲೆಯ ಮೇಲೆ ಅಚ್ಚು ಹಾಕಿರುತ್ತಾರೆ. ಇಂಜಿನ್ನಿನ ಕಂಪ್ಯೂಟರ್ ಆದ ಇಸಿಎಂಗೆ ಆ ಕೋಡ್ ಕೊಟ್ಟರೆ ಅದು ಸರಿದೂಗಿಸುತ್ತದೆ. ಕೋಡ್ ಇರುವ ಇಂಜೆಕ್ಟರ್‌ಗಳನ್ನು ತೊಳೆದು ಹಾಕುವಾಗ ಸಿಲಿಂಡರ್ ಅದಲುಬದಲಾದರೂ ಇದೇ ತೊಂದರೆ. ಹಾಗಾಗಿ ಗುರುತು ಮುಖ್ಯ.

ಒಂದೇ ಕೆಟ್ಟಿದ್ದರೆ ಒಂದೇ ಬದಲಾಯಿಸಬಹುದಾ?

ಬದಲಾಯಿಸಬಹುದು. ಆದರೆ ಉಳಿದ ಐದನ್ನೂ ತಪ್ಪದೇ ಟೆಸ್ಟ್ ಮಾಡಿಸಿ.

ಯೂರಿಯಾ ನೀರಿನ ಇಂಜೆಕ್ಟರೂ ಹೀಗೇ ತೊಳೆಯುವುದಾ?

ಅಲ್ಲ, ಅದು ಬೇರೆಯೇ ಸಾಮಾನು. ಸೈಲೆನ್ಸರ್ ಪೈಪಿನ ಮೇಲೆ ಕೂತಿರುತ್ತದೆ. ಹೊಗೆ ಶುದ್ಧ ಮಾಡಲು ಹಾಕುವ, ನಾವು ಯೂರಿಯಾ ನೀರು ಅನ್ನುವ ಡಿಇಎಫ್‌ನಲ್ಲಿ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧ ನೀರು. ನೀರು ಆರಿದರೆ ಬಿಳಿ ಹರಳು ಉಪ್ಪಿನ ಹಾಗೆ ಕಟ್ಟುತ್ತದೆ. ಬೆಚ್ಚಗಿನ ಶುದ್ಧ ನೀರಿಗೆ ಅದು ಕರಗುತ್ತದೆ. ಡೀಸೆಲ್ ಆಗಲಿ ಪೆಟ್ರೋಲ್ ಆಗಲಿ ಹಾಕಬಾರದು. ಹೊಲದ ಯೂರಿಯಾವನ್ನು ನಲ್ಲಿ ನೀರಿಗೆ ಕಲಸಿ ಹಾಕುವ ಬುದ್ಧಿವಂತರೂ ಇದ್ದಾರೆ, ಅವರ ಗಾಡಿಗಳನ್ನು ನಾನು ಮುಟ್ಟುವುದಿಲ್ಲ. ತಪ್ಪಿ ಡೀಸೆಲ್ ಟ್ಯಾಂಕಿಗೆ ಡಿಇಎಫ್ ಹಾಕಿದರೆ ಕೀ ಕೂಡ ಆನ್ ಮಾಡಬೇಡಿ. ಗಾಡಿಯನ್ನು ನಿಂತಲ್ಲೇ ಬಿಟ್ಟು ಟ್ಯಾಂಕ್ ಖಾಲಿ ಮಾಡಿಸಿ.

ಡೀಸೆಲ್ ಚಿಮ್ಮಿ ಕೈಗೆ ಚುಚ್ಚಿದೆ, ಸಣ್ಣ ಗಾಯ ಅಷ್ಟೇ. ಪರವಾಗಿಲ್ವಾ?

ಹಾಗನ್ನಬೇಡಿ! ಇದೊಂದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 100 ಬಾರ್ ಪ್ರೆಶರ್ ಇದ್ದರೂ ಸಾಕು, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಪಿನ್ನು ಚುಚ್ಚಿದ ಗುರುತಿನಷ್ಟೇ ಕಾಣುತ್ತದೆ, ಮೊದಲು ಜಾಸ್ತಿ ನೋವೂ ಇರುವುದಿಲ್ಲ. ಕೆಲವು ತಾಸು ಬಿಟ್ಟು ಕೈ ಊದುತ್ತದೆ, ಒಳಗಿನ ಮಾಂಸ ಸಾಯುತ್ತದೆ. ತಡವಾದರೆ ಬೆರಳು ಕತ್ತರಿಸಬೇಕಾಗಿ ಬರಬಹುದು. ತಕ್ಷಣ ಆಪರೇಶನ್ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ, 'ಹೈ ಪ್ರೆಶರ್‌ನಲ್ಲಿ ಡೀಸೆಲ್ ಒಳಗೆ ಹೋಗಿದೆ' ಅಂತ ಬಿಡಿಸಿ ಹೇಳಿ. ಬರೀ ಗಾಯ ಅಂದರೆ ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿಬಿಡಬಹುದು. ಸೋರಿಕೆ ಹುಡುಕುವಾಗ ಬೆರಳು ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಟೆಸ್ಟರ್ ಮಂಜಿನ ಹತ್ತಿರ ಬೀಡಿ ಹಚ್ಚುವವರನ್ನು ನಾನು ಹೊರಗೆ ಕಳಿಸುತ್ತೇನೆ, ಅದು ನೆಂಟರಾದರೂ ಸರಿ.

ಎಷ್ಟು ಕಿಲೋಮೀಟರ್‌ಗೆ ಒಮ್ಮೆ ತೊಳೆಸಬೇಕು?

ಗಾಡಿ ಪುಸ್ತಕದಲ್ಲಿ ಬರೆದದ್ದು ಮೊದಲ ಉತ್ತರ. ಲಕ್ಷಣ ಇಲ್ಲದೇ ಬಿಚ್ಚುವುದು ಬೇಡ ಅನ್ನುವುದು ನನ್ನ ಉತ್ತರ. ಚೆನ್ನಾಗಿ ಓಡುತ್ತಿರುವ ಕಾಮನ್ ರೇಲ್ ಇಂಜೆಕ್ಟರನ್ನು ಆಯುಧಪೂಜೆಗೆ ಅಂತ ಬಿಚ್ಚಿಸುವವರಿದ್ದಾರೆ. ಹಬ್ಬಕ್ಕೆ ಗಾಡಿ ತೊಳೆಯಿರಿ, ಹಾರ ಹಾಕಿ, ಕುಂಬಳಕಾಯಿ ಒಡೆಯಿರಿ. ಇಂಜೆಕ್ಟರ್ ಬಿಡಿ.

ಅದರ ಬದಲು ದಿನಾ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ವಾಟರ್ ಸೆಪರೇಟರ್ ಕೆಳಗಿನ ನಲ್ಲಿ ತಿರುಗಿಸಿ ನೀರು ಬಿಡಿ. ಒಂದು ನಿಮಿಷದ ಕೆಲಸ. ಫಿಲ್ಟರ್ ಹೇಳಿದ ಸಮಯಕ್ಕೆ ಬದಲಾಯಿಸಿ, ಒಳ್ಳೆಯ ಕಂಪನಿಯದೇ ಹಾಕಿ. ಕಾಮನ್ ರೇಲ್ ಗಾಡಿಯ ಹೊಸ ಫಿಲ್ಟರ್‌ಗೆ ಕ್ಯಾನ್‌ನಿಂದ ಡೀಸೆಲ್ ಸುರಿದು ಕೂರಿಸಬೇಡಿ. ಆ ಡೀಸೆಲ್ ಸೋಸದೇ ನೇರ ಪಂಪಿಗೆ ಹೋಗಬಹುದು. ಖಾಲಿ ಕೂರಿಸಿ, ಪ್ರೈಮರ್ ಹೊಡೆದು ತುಂಬಿಸಿ. ರಾತ್ರಿ ನಿಲ್ಲಿಸುವಾಗ ಟ್ಯಾಂಕ್ ಆದಷ್ಟು ತುಂಬಿರಲಿ.

ತೊಳೆಸಿದ ಮೇಲೂ ಹಾಗೇ ಇದೆ. ಏನು ಮಾಡಲಿ?

ಮೊದಲು ಏರ್ ಪೂರ್ತಿ ಹೋಗಿದೆಯಾ ನೋಡಿ. ಆಮೇಲೆ ಪಂಪಿನ ಟೈಮಿಂಗ್, ಟ್ಯಾಪೆಟ್, ಕಂಪ್ರೆಶನ್. ಟ್ಯಾಂಕ್ ತೊಳೆಸದೇ ಇಂಜೆಕ್ಟರ್ ಮಾತ್ರ ತೊಳೆಸಿದ್ದರೆ ಉತ್ತರ ನಿಮಗೇ ಗೊತ್ತು.

ದುಡ್ಡು ಕೊಡುವ ಮೊದಲು ಏನು ಕೇಳಿ ಪಡೆಯಬೇಕು?

ತೊಳೆಯುವ ಮೊದಲು ಎಷ್ಟು ಪ್ರೆಶರ್ ಇತ್ತು, ಆಮೇಲೆ ಎಷ್ಟು ಅಂತ ಒಂದೊಂದು ಇಂಜೆಕ್ಟರಿಗೂ ಬರೆಸಿಕೊಳ್ಳಿ. ಕಾಮನ್ ರೇಲ್ ಆದರೆ ಬೆಂಚಿನ ಪ್ರಿಂಟ್ ಕೇಳಿ. ಬದಲಾಯಿಸಿದ ನಾಝಲ್ ಹಳೆಯದನ್ನು ವಾಪಸ್ ತೆಗೆದುಕೊಳ್ಳಿ, ಹೊಸದರ ಡಬ್ಬಿಯನ್ನೂ. ಟೆಸ್ಟ್ ಮಾಡುವಾಗ ನಿಮ್ಮನ್ನು ಹತ್ತಿರ ಬಿಡದೇ ಇದ್ದರೆ ಯಾಕೆ ಅಂತ ಕೇಳಿ. ನಮ್ಮಲ್ಲಿ ಟೆಸ್ಟರ್ ಪಕ್ಕ ಒಂದು ಸ್ಟೂಲ್ ಇದೆ. ಅದು ಗಿರಾಕಿಗೇ ಇಟ್ಟಿರುವುದು. ಕನ್ನಡಕ ಮಾತ್ರ ಹಾಕಿಕೊಂಡು ಕೂರಬೇಕು.